ಒಂದೇ ಕೋಣೆಯಲ್ಲಿ ಎರಡೂ ಸಿಗಲಿ

ಕಳೆದ ವರ್ಷ ನೆರೆಮನೆಯ ಅಕ್ಕನ ಜೊತೆ ಸರ್ಕಾರಿ ಆಸ್ಪತ್ರೆಗೆ ಹೋಗಿದ್ದೆ. ಆಕೆಗೆ ಎಚ್‌ಐವಿ ಪರೀಕ್ಷೆ ಆಗಬೇಕಿತ್ತು. ಸದ್ಯಕ್ಕೆ ಇನ್ನೊಂದು ಮಗು ಬೇಡ, ಏನು ಮಾಡಲಿ ಎಂದೂ ಕೇಳಬೇಕಿತ್ತು. ಪರೀಕ್ಷೆ ಆಯಿತು. ಎರಡನೆಯದಕ್ಕೆ ‘ಅದು ಬೇರೆ ವಿಭಾಗ, ಇನ್ನೊಂದು ದಿನ ಬನ್ನಿ’ ಎಂದರು. ಗೇರುಬೀಜ ಕಾರ್ಖಾನೆಯ ಮತ್ತೊಂದು ದಿನದ ಸಂಬಳ ಬಿಡಲಾಗದೆ ಅಕ್ಕ ಹೋಗಲೇ ಇಲ್ಲ.

ಮೂರು ತಿಂಗಳಿಗೊಮ್ಮೆ ಕೊಡುವ ‘ಅಂತರಾ’ ಚುಚ್ಚುಮದ್ದು, ‘ಛಾಯಾ’ ಮಾತ್ರೆ, ಕಾಪರ್‌-ಟಿ ಸರ್ಕಾರದಿಂದ ಉಚಿತ. ಆದರೆ ಇವು ಗರ್ಭವನ್ನಷ್ಟೇ ತಡೆಯುತ್ತವೆ, ಎಚ್‌ಐವಿಯನ್ನಲ್ಲ. ಎರಡನ್ನೂ ತಡೆಯುವುದು ಕಾಂಡೋಮ್. ಅದರ ತೀರ್ಮಾನ ಹೆಚ್ಚಾಗಿ ಗಂಡನದ್ದು. ಹಾಗಾಗಿ ಹೆಣ್ಣಿಗೆ ಎರಡರ ಮಾಹಿತಿಯೂ ಒಟ್ಟಿಗೇ ಬೇಕು. ಎಚ್‌ಐವಿ ಇದ್ದವಳಿಗೂ ಮಗು ಬೇಕೋ ಬೇಡವೋ ಎಂದು ನಿರ್ಧರಿಸುವ ಹಕ್ಕಿದೆ. ಎಆರ್‌ಟಿ ಮಾತ್ರೆ ತಪ್ಪದೆ ತೆಗೆದುಕೊಂಡರೆ ಮಗುವಿಗೆ ಸೋಂಕು ತಗಲುವ ಸಾಧ್ಯತೆ ತೀರಾ ಕಡಿಮೆ.

2017ರ ಎಚ್‌ಐವಿ ಕಾಯ್ದೆ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡಬಾರದು, ಗುಟ್ಟು ಬಿಟ್ಟುಕೊಡಬಾರದು ಎನ್ನುತ್ತದೆ. ಆದರೆ ಕುಂದಾಪುರ, ಬೈಂದೂರು, ಬ್ರಹ್ಮಾವರದಂಥ ಊರಿನಲ್ಲಿ ಸರದಿಯಲ್ಲಿ ಒಬ್ಬರಾದರೂ ಪರಿಚಯದವರು ಇದ್ದೇ ಇರುತ್ತಾರೆ. ಎರಡು ಸಾಲಿನಲ್ಲಿ ನಿಂತು, ಎರಡು ಸಲ ಕತೆ ಹೇಳಿದರೆ ಗುಟ್ಟು ಉಳಿಯುವುದು ಹೇಗೆ?

ಎಚ್‌ಐವಿ ಪರೀಕ್ಷಾ ಕೇಂದ್ರದಲ್ಲಿ ಆಪ್ತಸಮಾಲೋಚಕರು ಇರುತ್ತಾರೆ. ಅದೇ ಮೇಜಿನಲ್ಲಿ ಗರ್ಭನಿರೋಧಕದ ಮಾತೂ ನಡೆದು, ಅದೇ ದಿನ ಸೌಲಭ್ಯ ಸಿಗಲಿ.

ಕಾಲೇಜಿನ ರೆಡ್ ರಿಬ್ಬನ್ ಕ್ಲಬ್‌ನವರಾದ ನಾವು ಡಿಸೆಂಬರ್ 1ರಂದು ಜಾಥಾ ಮಾಡಿ ಮನೆಗೆ ಹೋಗುತ್ತೇವೆ. ಈ ಸಲ ತಾಲ್ಲೂಕು ಆರೋಗ್ಯಾಧಿಕಾರಿಗೆ ಇದೊಂದು ಮನವಿಯನ್ನೂ ಕೊಟ್ಟು ಬರೋಣ. ಉಚಿತ ಸಹಾಯವಾಣಿ 1097 ಅನ್ನು ಮನೆಯ ಹೆಣ್ಣುಮಕ್ಕಳಿಗೂ ತಿಳಿಸೋಣ.