ಮಹಜರು ಬರೆಯುವವರ ಧರ್ಮ

2017ರ ಡಿಸೆಂಬರ್ 8ರಂದು ಹೊನ್ನಾವರದ ಶೆಟ್ಟಿಕೆರೆಯಲ್ಲಿ ಯುವಕನೊಬ್ಬನ ಶವ ಸಿಕ್ಕಿತು. ಎರಡು ದಿನ ಮುಂಚೆ ಊರಲ್ಲಿ ಕೋಮು ಘರ್ಷಣೆ ನಡೆದಿತ್ತು. ಹಾಗಾಗಿ ವೈದ್ಯರು ಬಾಯಿ ಬಿಡುವ ಮೊದಲೇ ಸಾವಿನ ಕಾರಣ ತೀರ್ಮಾನವಾಗಿಹೋಗಿತ್ತು: ಕುದಿಯುವ ಎಣ್ಣೆ ಸುರಿದರಂತೆ, ಅಂಗ ಕತ್ತರಿಸಿದರಂತೆ. ಡಿಸೆಂಬರ್ 11ರಂದು ಕುಮಟಾದಲ್ಲಿ ಐಜಿಪಿಯ ಕಾರಿಗೇ ಬೆಂಕಿ ಬಿತ್ತು. ಅಂಥ ಗಾಯಗಳಿಲ್ಲ, ಬಣ್ಣ ಬದಲಾದದ್ದು ಶವ ಕೊಳೆತದ್ದರಿಂದ ಎಂದು ಮಣಿಪಾಲದ ವಿಧಿವಿಜ್ಞಾನ ತಜ್ಞರು ಹೇಳಿದರು. 2022ರ ಅಕ್ಟೋಬರ್‌ನಲ್ಲಿ ಸಿಬಿಐ ಕೂಡ ಇದು ಆಕಸ್ಮಿಕ ಸಾವೆಂದು ನ್ಯಾಯಾಲಯಕ್ಕೆ ವರದಿ ಕೊಟ್ಟಿತು. ಒಪ್ಪದವರು ಆಗಲೂ ಇದ್ದರು.

ಅಪರಾಧ ಸ್ಥಳದ ತನಿಖೆಗಾರನಿಗೆ ಇಲಾಖೆಯ ಕೈಪಿಡಿ ಸಾಲದೆ, ತನ್ನದೇ ಒಂದು ನೀತಿಯೂ ಬೇಕೇ ಎಂಬ ಪ್ರಶ್ನೆಗೆ ಈ ಪ್ರಕರಣವೇ ಸಾಕಷ್ಟು ಉತ್ತರ. ಸೀಲು ಹೇಗೆ ಹಾಕಬೇಕು ಎಂಬುದನ್ನು ಕೈಪಿಡಿ ಹೇಳುತ್ತದೆ. ಹೊರಗೆ ಸಾವಿರ ಜನ ಕೂಗುತ್ತಿರುವಾಗ, ಆ ಸಾವಿರದಲ್ಲಿ ತನ್ನ ಜಾತಿಯವರೂ ನೆರೆಮನೆಯವರೂ ಇರುವಾಗ ಏನು ಬರೆಯಬೇಕು ಎಂಬುದನ್ನು ಅದು ಹೇಳದು. ಹೊನ್ನಾವರದಿಂದ ಕುಮಟಾದವರೆಗಿನ ಊರುಗಳಲ್ಲಿ ತನಿಖೆಗಾರ ಯಾರ ಪೈಕಿ ಎಂಬುದು ಅವನು ಜೀಪಿನಿಂದ ಇಳಿಯುವ ಮೊದಲೇ ಜನಕ್ಕೆ ಗೊತ್ತಿರುತ್ತದೆ.

ಲಂಚ ದೊಡ್ಡ ಅಪಾಯವೆಂದು ನಾವು ಎಣಿಸುತ್ತೇವೆ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡದು, ಮೊದಲೇ ಕೇಳಿದ ಕಥೆ. ಕೊಲೆ ಎಂದು ನಂಬಿ ಹೋದವನಿಗೆ ಕಲೆಗಳೆಲ್ಲ ರಕ್ತವಾಗಿ ಕಾಣುತ್ತವೆ. ಮುಳುಗಿ ಸತ್ತ ಎಂದು ನಂಬಿ ಹೋದವನು ಕೆರೆಯ ನೀರನ್ನೇ ಬಾಟಲಿಗೆ ತುಂಬಿಸುವುದಿಲ್ಲ. ಆ ನೀರಿಲ್ಲದಿದ್ದರೆ ಶವದ ಮೂಳೆಮಜ್ಜೆಯಲ್ಲಿ ಡಯಾಟಮ್ ಪಾಚಿಕಣ ಸಿಕ್ಕರೂ ಯಾವುದಕ್ಕೆ ಹೋಲಿಸುವುದು? ಆದ್ದರಿಂದ ಸ್ವಂತ ನೀತಿಯ ಮೊದಲ ಮಾತು ಇದಾಗಬೇಕು: ನನ್ನ ಊಹೆಗೆ ಒಗ್ಗದ್ದನ್ನೂ ಬರೆಯುತ್ತೇನೆ. ಕಾಲಿಟ್ಟು ಕೆಡಿಸಿದ ಹೆಜ್ಜೆಗುರುತನ್ನೂ, ತಡವಾಗಿ ತೆಗೆದ ಫೋಟೋವನ್ನೂ ಹಾಗೆಂದೇ ಬರೆಯುತ್ತೇನೆ. ಇನ್ನು ಹೆಣದ ಚಿತ್ರವನ್ನು ಸ್ವಂತ ಮೊಬೈಲಿನಲ್ಲಿ ಹಿಡಿಯಕೂಡದು ಎಂಬುದನ್ನು ವಾದಿಸಿ ಹೇಳಬೇಕಾಗಿ ಬಂದದ್ದೇ ನಾಚಿಕೆಗೇಡು.

ಸ್ಥಳದಲ್ಲಿ ಕಂಡದ್ದನ್ನು ಹೊರಗೆ ಆಡದಿರುವುದೂ ಅದೇ ನೀತಿಯ ಭಾಗ. ಹಾಗೆ ಬಾಯಿ ಮುಚ್ಚಿಕೊಂಡಿದ್ದರೆ ವದಂತಿ ಬೆಳೆಯುವುದಿಲ್ಲವೇ ಎಂದು ಕೇಳಬಹುದು. ಬೆಳೆಯುತ್ತದೆ, ನಿಜ. ಅದಕ್ಕೆ ಮದ್ದು ಇಲಾಖೆಯ ತ್ವರಿತ, ಲಿಖಿತ ಹೇಳಿಕೆ. ಪೇದೆಯೊಬ್ಬ ಗೆಳೆಯನ ಕಿವಿಯಲ್ಲಿ ಉಸುರುವ ಮಾತಲ್ಲ. ಹೊನ್ನಾವರದಲ್ಲಿ ತಜ್ಞರ ಅಭಿಪ್ರಾಯವನ್ನು ಪೊಲೀಸರು ಬಹಿರಂಗಪಡಿಸಿದ್ದು ಸರಿಯಾದ ದಾರಿ.

2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಮಿನಂತೆ, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಲೇಬೇಕು. ಅಣಿಯಾಗಲು ರಾಜ್ಯಗಳಿಗೆ ಐದು ವರ್ಷದ ಅವಕಾಶವಿದೆ. ಒಳ್ಳೆಯದೇ. ಆದರೆ ಠಾಣೆಯಲ್ಲಿ ಕೂತು ಬರೆದು, ಸ್ಥಳದಲ್ಲಿ ಬರೆದದ್ದೆಂದು ಪಂಚರ ಸಹಿ ಪಡೆಯುವ ಚಾಳಿ ಕಲಮಿನಿಂದ ಹೋಗದು. ಅದರಲ್ಲಿ ನಮ್ಮ ಪಾಲೂ ಇದೆ. ನಾಳೆ ನಿಮ್ಮನ್ನು ಪಂಚರಾಗಿ ಕರೆದರೆ ದಯವಿಟ್ಟು ಹೋಗಿ; ಮಹಜರನ್ನು ಪೂರ್ತಿ ಓದಿ, ಕಣ್ಣಾರೆ ಕಂಡಷ್ಟಕ್ಕೇ ಸಹಿ ಹಾಕಿ.