ದ್ರಾಕ್ಷಿಗೆ ವಿಳಾಸವಿದೆ

ನಾಸಿಕ್ ಜಿಲ್ಲೆಯ ದಿಂಡೋರಿ ತಾಲ್ಲೂಕಿನಿಂದ ಯುರೋಪಿಗೆ ಹೊರಡುವ ದ್ರಾಕ್ಷಿ ಪೆಟ್ಟಿಗೆಗೆ ಒಂದು ವಿಳಾಸವಿರುತ್ತದೆ. ಆ ಹಣ್ಣು ಬೆಳೆದ ತೋಟ ಅಪೆಡಾ ಸಂಸ್ಥೆಯ ಗ್ರೇಪ್‌ನೆಟ್ ವ್ಯವಸ್ಥೆಯಲ್ಲಿ ನೋಂದಣಿಯಾಗಿರಲೇಬೇಕು. ನೆದರ್ಲೆಂಡ್ಸ್‌ನಲ್ಲಿ ಗೊಂಚಲೊಂದರ ಮೇಲೆ ಕೀಟನಾಶಕದ ಉಳಿಕೆ ಸಿಕ್ಕಿದರೆ, ಅದು ಯಾವ ರೈತನ ಯಾವ ತುಂಡು ಭೂಮಿಯದು ಎಂದು ಹುಡುಕಿಕೊಂಡು ಬರಬಹುದು. ಕೊಯ್ದ ಕೆಲವೇ ಗಂಟೆಗಳಲ್ಲಿ ಹಣ್ಣನ್ನು ತಣ್ಣನೆಯ ಕೋಣೆಗೆ ಸೇರಿಸುತ್ತಾರೆ. ಅಕಾಲದ ಮಳೆಗೆ ಕಾಯಿ ಒಡೆಯಬಾರದೆಂದು ಈಚೆಗೆ ಕೆಲವು ತೋಟಗಳಲ್ಲಿ ಬಳ್ಳಿಗಳ ಮೇಲೆ ಪ್ಲಾಸ್ಟಿಕ್ ಚಪ್ಪರವೂ ಬಂದಿದೆ.

ಕೊಯ್ಯುವವರಿಗೆ ಇರುವುದು ತಾಡಪಾಲು. ಪೇಠ, ಸುರಗಾಣಾ ತಾಲ್ಲೂಕುಗಳಿಂದ, ಗಡಿಯಾಚೆಯ ಡಾಂಗ್‌ನಿಂದ ದೀಪಾವಳಿ ಕಳೆದ ಮೇಲೆ ಗುಂಪುಗುಂಪಾಗಿ ಇಳಿದು ಬರುವ ಆದಿವಾಸಿ ಕುಟುಂಬಗಳು ತೋಟದ ಬದಿಯಲ್ಲಿ, ಊರ ಹೊರಗಿನ ಬಯಲಿನಲ್ಲಿ ನಾಲ್ಕು ಗೂಟ ಹುಗಿದು ಬೀಡುಬಿಡುತ್ತವೆ. ಹೆಚ್ಚಿನವರಿಗೆ ನೀರು, ಶೌಚಾಲಯ, ದೀಪ ಎಲ್ಲವೂ ಮಾಲೀಕನ ಮರ್ಜಿ. ಜನವರಿಯಿಂದ ಏಪ್ರಿಲ್‌ವರೆಗೆ ಕೊಯ್ಲು, ಅದು ಮುಗಿಯುತ್ತಿದ್ದಂತೆ ಸವರುವಿಕೆ. ವರ್ಷದ ಅರ್ಧ ಅಲ್ಲಿಯೇ ಕಳೆಯುತ್ತದೆ.

ಇವರು ಮನೆಯಿಲ್ಲದವರೇ? ಸರ್ಕಾರದ ಲೆಕ್ಕ ಕೇಳಿದರೆ ಉತ್ತರ ಗೊಂದಲಮಯ. 2011ರ ಜನಗಣತಿ ಭಾರತದಲ್ಲಿ ಮನೆಯಿಲ್ಲದವರು ಸುಮಾರು 17.7 ಲಕ್ಷ ಎಂದಿತು, ಮಹಾರಾಷ್ಟ್ರದಲ್ಲಿ 2.1 ಲಕ್ಷ, ಕರ್ನಾಟಕದಲ್ಲಿ 77 ಸಾವಿರದಷ್ಟು. ಎಣಿಸಿದ್ದು ಒಂದೇ ರಾತ್ರಿ, ಫೆಬ್ರವರಿ 28. ರಸ್ತೆ ಬದಿ, ಕಾಲುದಾರಿ, ಸಿಮೆಂಟ್ ಕೊಳವೆ, ಮೇಲ್ಸೇತುವೆ ಮತ್ತು ಮೆಟ್ಟಿಲುಗಳ ಕೆಳಗೆ, ದೇವಸ್ಥಾನದ ಅಂಗಳ, ರೈಲ್ವೆ ಪ್ಲಾಟ್‌ಫಾರ್ಮ್ ಎಂದು ಜನಗಣತಿಯ ವ್ಯಾಖ್ಯಾನ ಜಾಗಗಳ ಹೆಸರು ಹೇಳುತ್ತದೆ. ದ್ರಾಕ್ಷಿ ತೋಟದ ಬದು ಆ ಪಟ್ಟಿಯಲ್ಲಿಲ್ಲ.

ಅಮೆರಿಕದ ಜೊತೆ ಹೋಲಿಸಿದರೆ ಈ ಲೆಕ್ಕದ ಹಾಸ್ಯ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಅಲ್ಲಿಯೂ ಜನವರಿಯ ಒಂದು ರಾತ್ರಿ ಎಣಿಸುತ್ತಾರೆ. ಆದರೆ ಆಶ್ರಯತಾಣದಲ್ಲಿ ಮಲಗಿದವರನ್ನೂ ಮನೆಯಿಲ್ಲದವರೆಂದೇ ಹಿಡಿಯುತ್ತಾರೆ. 2024ರಲ್ಲಿ ಸಿಕ್ಕಿದ್ದು 7,71,480 ಮಂದಿ. ಅಂದರೆ ಹತ್ತು ಸಾವಿರಕ್ಕೆ 23ರಷ್ಟು. ಭಾರತದ 2011ರ ಲೆಕ್ಕದಲ್ಲಿ ಹತ್ತು ಸಾವಿರಕ್ಕೆ 15 ಕೂಡ ಬರುವುದಿಲ್ಲ. ಕಾಗದವನ್ನು ನಂಬುವುದಾದರೆ ವಸತಿಯ ವಿಷಯದಲ್ಲಿ ಅಮೆರಿಕಕ್ಕಿಂತ ಭಾರತವೇ ವಾಸಿ. ಮುಂಬಯಿಯಲ್ಲಿ ಒಮ್ಮೆ ರೈಲಿನಿಂದ ಇಳಿದವರು ಯಾರೂ ಇದನ್ನು ನಗದೆ ಓದಲಾರರು.

ಮನೆಗಳಿಗೇನೂ ಬರವಿಲ್ಲ. ಅದೇ 2011ರ ಗಣತಿ ದೇಶದಲ್ಲಿ 2.46 ಕೋಟಿ ಖಾಲಿ ಮನೆಗಳನ್ನೂ ಎಣಿಸಿತ್ತು. ಎಣಿಕೆಗೆ ಸಿಕ್ಕ ಒಬ್ಬೊಬ್ಬ ಮನೆಯಿಲ್ಲದವನ ಪಾಲಿಗೂ ಹದಿಮೂರಕ್ಕಿಂತ ಹೆಚ್ಚು ಮನೆ.

‘ಅವರಿಗೆ ಊರಲ್ಲಿ ಮನೆ ಇದೆಯಲ್ಲ, ಇಲ್ಲಿಗೆ ದುಡಿಯಲು ಬಂದಿದ್ದಾರೆ’ ಎಂಬ ವಾದ ಎಲ್ಲ ಕಡೆ ಕೇಳುವಂಥದ್ದು. ಊರಲ್ಲಿ ಮನೆ ಇದ್ದೂ ಮಗುವನ್ನು ಕಟ್ಟಿಕೊಂಡು ಬಯಲಿಗೆ ಯಾಕೆ ಬರುತ್ತಾರೆ ಎಂಬ ಪ್ರಶ್ನೆಯನ್ನು ಆ ವಾದ ಕೇಳುವುದಿಲ್ಲ. ಪೇಠ, ಸುರಗಾಣಾ ಸಹ್ಯಾದ್ರಿಯ ಮಳೆ ಸುರಿಯುವ ಪ್ರದೇಶ. ಮಳೆಗಾಲದಲ್ಲಿ ಭತ್ತ, ರಾಗಿ, ಸಾವೆ. ಆಮೇಲೆ ಕುಡಿಯುವ ನೀರಿಗೂ ಪರದಾಟ. ನೀರು ನಿಲ್ಲಿಸುವ ಅಣೆಕಟ್ಟುಗಳು ಇರುವುದು ಪೂರ್ವಕ್ಕೆ, ದಿಂಡೋರಿಯಲ್ಲಿ: ಕರಂಜವಣ, ವಾಘಾಡ, ಪಾಲಖೇಡ, ಓಝರಖೇಡ. ಎರಡನೆಯ ಬೆಳೆ ಅಲ್ಲಿ, ಕೂಲಿಯೂ ಅಲ್ಲಿ.

ಇನ್ನು ಭೂಮಿ. ತಲೆಮಾರುಗಳಿಂದ ಉಳುತ್ತಿರುವ ಅರಣ್ಯ ಭೂಮಿಗೆ 2006ರ ಅರಣ್ಯ ಹಕ್ಕು ಕಾಯ್ದೆ ನಾಲ್ಕು ಹೆಕ್ಟೇರ್‌ವರೆಗೆ ಹಕ್ಕುಪತ್ರ ಕೊಡಬಹುದು. ಬಂದದ್ದು ಹಲವರಿಗೆ ಗುಂಟೆಗಳ ಲೆಕ್ಕದಲ್ಲಿ, ಉಳಿದವರಿಗೆ ತಿರಸ್ಕಾರದ ಪತ್ರ. 2018ರ ಮಾರ್ಚ್‌ನಲ್ಲಿ ಕಿಸಾನ್ ಸಭಾದ ಕೆಂಬಾವುಟ ಹಿಡಿದು ನಾಸಿಕ್‌ನಿಂದ ಮುಂಬಯಿಗೆ ಸುಮಾರು 180 ಕಿ.ಮೀ. ನಡೆದವರಲ್ಲಿ ದೊಡ್ಡ ಪಾಲು ಇವರದೇ. ಆಗ ಒಡೆದ ಅಂಗಾಲುಗಳ ಚಿತ್ರಗಳು ಎಲ್ಲ ಪತ್ರಿಕೆಗಳಲ್ಲೂ ಬಂದವು, ಸರ್ಕಾರ ಲಿಖಿತ ಭರವಸೆ ಕೊಟ್ಟಿತು. ಐದು ವರ್ಷದ ನಂತರ, 2023ರ ಮಾರ್ಚ್ 12ರಂದು, ಅವರು ಮತ್ತೆ ಹೊರಟರು. ಆ ಸಲ ಮೆರವಣಿಗೆ ಶುರುವಾದದ್ದು ದಿಂಡೋರಿಯಿಂದಲೇ. ಮನೆ ಕಟ್ಟಲು ಕೊಡುವ ಹಣ ಹೆಚ್ಚಿಸಿ ಎಂಬುದೂ ಆಗಿನ ಬೇಡಿಕೆಗಳಲ್ಲಿ ಒಂದು. 2016ರಲ್ಲಿ ಬಂದ ಗ್ರಾಮೀಣ ಆವಾಸ್ ಯೋಜನೆಯ ಕೊಡುಗೆ ಬಯಲುಸೀಮೆಗೆ 1.20 ಲಕ್ಷ, ಗುಡ್ಡಗಾಡಿಗೆ 1.30 ಲಕ್ಷ ರೂಪಾಯಿ. ಅದಾದ ಮೇಲೆ ಸಿಮೆಂಟು, ಕಬ್ಬಿಣ, ಗಾರೆಯವನ ಕೂಲಿ ಎಲ್ಲಿಗೆ ಮುಟ್ಟಿವೆ ಎಂಬುದು ಗೋಡೆ ಎಬ್ಬಿಸಿದ ಯಾರಿಗೂ ಗೊತ್ತು. ಆ ಹಣಕ್ಕೂ ಮೊದಲು ನಿವೇಶನ ಬೇಕು.

ಕಾನೂನು ಇವರನ್ನು ಬಿಟ್ಟಿರುವ ರೀತಿಯಂತೂ ನಾಜೂಕಾದದ್ದು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಗುತ್ತಿಗೆದಾರ ವಸತಿ ಕೊಡಬೇಕೆಂದಿತು. ಆದರೆ ಪೇಠ, ದಿಂಡೋರಿ ಎರಡೂ ಮಹಾರಾಷ್ಟ್ರದಲ್ಲೇ ಇವೆ. ಗಡಿ ದಾಟದವನು ಆ ಕಾಯ್ದೆಯ ಪ್ರಕಾರ ವಲಸಿಗನೇ ಆಗಿರಲಿಲ್ಲ. 1951ರ ತೋಟ ಕಾರ್ಮಿಕರ ಕಾಯ್ದೆ ಮಾಲೀಕನೇ ಮನೆ ಕಟ್ಟಿಕೊಡಬೇಕೆಂದಿತು. ಅದು ಚಹಾ, ಕಾಫಿ, ರಬ್ಬರ್, ಸಿಂಕೋನ, ಏಲಕ್ಕಿಗೆ. ಬೇರೆ ಬೆಳೆಗೂ ಅನ್ವಯಿಸಲು ಕೇಂದ್ರದ ಒಪ್ಪಿಗೆ ಪಡೆದು ರಾಜ್ಯ ಒಂದು ಅಧಿಸೂಚನೆ ಹೊರಡಿಸಿದ್ದರೆ ಸಾಕಿತ್ತು. 2001ರಲ್ಲಿ ವೈನ್ ಉದ್ಯಮಕ್ಕೆ ರಿಯಾಯಿತಿ ಕೊಡುವ ನೀತಿ ತರಲು ಮಹಾರಾಷ್ಟ್ರಕ್ಕೆ ಪುರುಸೊತ್ತಿತ್ತು, ಇದಕ್ಕೆ ಇರಲಿಲ್ಲ.

ಕಾಫಿಯ ಹೆಸರು ಬಂದಾಗ ಕೊಡಗಿನವರು ಬೀಗಬೇಕಾಗಿಲ್ಲ. ಅಲ್ಲಿ ಲೈನ್ ಮನೆಗಳಿವೆ, ನಿಜ. ಕೆಲಸ ಹೋದ ದಿನ ಮನೆಯೂ ಹೋಗುತ್ತದೆ, ಸಾಲ ತೀರುವವರೆಗೆ ಹೊರಗೆ ಹೋಗುವಂತೆಯೂ ಇಲ್ಲ ಎಂದು ಲೈನ್ ಮನೆಗಳನ್ನು ಬಿಟ್ಟು ಬಂದ ಆದಿವಾಸಿಗಳು ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿದ್ದರು. 2016ರ ಡಿಸೆಂಬರ್‌ನಲ್ಲಿ ಐನೂರಕ್ಕೂ ಹೆಚ್ಚು ಕುಟುಂಬಗಳ ಆ ಗುಡಿಸಲುಗಳನ್ನು ಕೆಡವಲಾಯಿತು. ಬೀಡ್ ಜಿಲ್ಲೆಯಿಂದ ಬೆಳಗಾವಿ, ಬಾಗಲಕೋಟೆಯ ಕಬ್ಬಿನ ಗದ್ದೆಗಳಿಗೆ ಬರುವ ಕೊಯ್ತಾ ಜೋಡಿಗಳಿಗೆ ಅದೂ ಇಲ್ಲ. ಅವರು ರಾಜ್ಯದ ಗಡಿ ದಾಟಿಯೇ ಬರುತ್ತಾರೆ. 1979ರ ಕಾಯ್ದೆ ಅವರಿಗಾಗಿಯೇ ಬರೆದಂತಿತ್ತು. ಆದರೂ ಮಲಗುವುದು ಕಬ್ಬಿನ ಸೋಗೆಯ ಕೊಪ್ಪಿಯಲ್ಲಿ.

ದ್ರಾಕ್ಷಿ ಬೆಳೆಗಾರನೂ ಸುಖಿಯಲ್ಲ ಎಂಬ ಮಾತನ್ನು ಒಪ್ಪಲೇಬೇಕು. ಎರಡು ಎಕರೆಯವನು ಆಲಿಕಲ್ಲು ಬಿದ್ದ ಒಂದು ಮಧ್ಯಾಹ್ನಕ್ಕೆ ಮುಳುಗಿಹೋಗುತ್ತಾನೆ. ಅವನು ಮನೆ ಕಟ್ಟಿಸಿಕೊಡಲಿ ಎನ್ನುವುದು ಅನ್ಯಾಯ. ಆದರೆ ಶೀತಲಗೃಹವನ್ನೂ ಒಬ್ಬೊಬ್ಬ ರೈತನೂ ಕಟ್ಟಿಕೊಂಡಿಲ್ಲ. ಇದೇ ತಾಲ್ಲೂಕಿನ ಮೊಹಾಡಿಯಲ್ಲಿ ರೈತರೇ ಕೂಡಿ ಕಟ್ಟಿದ ಸಹ್ಯಾದ್ರಿ ಫಾರ್ಮ್ಸ್ ಸಣ್ಣ ಹಿಡುವಳಿಗಳ ಹಣ್ಣನ್ನು ಒಟ್ಟುಗೂಡಿಸಿ ಹೊರದೇಶಕ್ಕೆ ಕಳಿಸುತ್ತದೆ. ಹಣ್ಣಿಗೆ ಸಾಧ್ಯವಾದ ಹಂಚಿಕೆಯ ವ್ಯವಸ್ಥೆ ಕೂಲಿಯವರ ವಸತಿಗೆ ಅಸಾಧ್ಯ ಎನ್ನಲು ಕಾರಣ ಸಿಗುವುದಿಲ್ಲ. ಅಮೆರಿಕದಲ್ಲಿ ಹೊರದೇಶದಿಂದ ಹಂಗಾಮಿಗೆ ಕೂಲಿಗಳನ್ನು ಕರೆಸುವ ಎಚ್-2ಎ ವೀಸಾದಡಿ ಮಾಲೀಕ ಉಚಿತ ವಸತಿ ಕೊಡಲೇಬೇಕು. ಉಲ್ಲಂಘನೆಗಳು ಅಲ್ಲಿಯೂ ಬೇಕಾದಷ್ಟಿವೆ, ಆದರೆ ಉಲ್ಲಂಘಿಸಲು ಒಂದು ನಿಯಮವಾದರೂ ಇದೆ. ಕೀಟನಾಶಕದ ಉಳಿಕೆಗೆ ಮಿತಿ ಹಾಕಿದ ಯುರೋಪಿನ ಖರೀದಿದಾರ, ಕೊಯ್ದವರು ಎಲ್ಲಿ ಮಲಗಿದರು ಎಂದೂ ಕೇಳಿದರೆ ಉತ್ತರ ಬೇಗ ಸಿದ್ಧವಾಗುತ್ತದೆ. ರಫ್ತು ಪೆಟ್ಟಿಗೆಯೊಂದಕ್ಕೆ ಒಂದು ಸಣ್ಣ ಸುಂಕ, ಊರಿಗೊಂದು ನೀರು-ಶೌಚಾಲಯವಿರುವ ಹಂಗಾಮಿ ವಸತಿ, ಅದರ ಬೀಗದಕೈ ತೋಟದ ಮಾಲೀಕನ ಬದಲು ಗ್ರಾಮ ಪಂಚಾಯತಿಯ ಕೈಯಲ್ಲಿ. ಲೈನ್ ಮನೆಯ ಗತಿ ಕಂಡವರಿಗೆ ಈ ಕೊನೆಯ ಷರತ್ತಿನ ಬೆಲೆ ಗೊತ್ತಾಗುತ್ತದೆ.

ಮುಂದಿನ ಜನಗಣತಿಯ ಜನರ ಎಣಿಕೆ ನಿಗದಿಯಾಗಿರುವುದು 2027ರ ಫೆಬ್ರವರಿಗೆ. ದಿಂಡೋರಿಯಲ್ಲಿ ಆಗ ಕೊಯ್ಲು ಭರದಲ್ಲಿರುತ್ತದೆ. ಬಸ್ ನಿಲ್ದಾಣಕ್ಕೆ ಟಾರ್ಚ್ ಹಿಡಿದು ಹೋಗುವ ಗಣತಿದಾರರನ್ನು ಆ ರಾತ್ರಿ ಇನ್ನೂ ನಾಲ್ಕು ಕಿಲೋಮೀಟರ್ ಮುಂದೆ, ತೋಟದ ಬದುವಿನವರೆಗೆ ಕಳಿಸಬೇಕೆಂದು ನಾಸಿಕ್‌ನ ಜಿಲ್ಲಾಡಳಿತ ಈಗಲೇ ಬರೆದಿಡಬಹುದು.