ಆಯ್ಕೆ ಆದೇಶದಲ್ಲಿತ್ತು, ಬೆಂಚು ಕೊಠಡಿಯಲ್ಲಿರಲಿಲ್ಲ

ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ತರಗತಿಗಳಲ್ಲಿ ಜಾರಿಗೊಳಿಸುವ ಆದೇಶವನ್ನು ರಾಜ್ಯ ಸರ್ಕಾರ ಹೊರಡಿಸಿದ್ದು 2021ರ ಆಗಸ್ಟ್‌ನಲ್ಲಿ. ದೇಶದಲ್ಲೇ ಮೊದಲಿಗರು ನಾವು ಎಂಬ ಹೆಮ್ಮೆಯೂ ಜೊತೆಗಿತ್ತು. ಆಮೇಲೆ ಬಂದ ಬೇರೆ ಸರ್ಕಾರ 2024ರ ಮೇ ತಿಂಗಳಲ್ಲಿ ನಾಲ್ಕು ವರ್ಷದ ಪದವಿಯನ್ನು ಬಿಟ್ಟು ಮೂರು ವರ್ಷಕ್ಕೇ ಮರಳುವ ಆದೇಶ ಹೊರಡಿಸಿತು. ಈ ಎರಡು ಆದೇಶಗಳ ನಡುವೆ ಮೂರು ವರ್ಷದ ವಿದ್ಯಾರ್ಥಿಗಳು ಕಾಲೇಜು ಸೇರಿದರು. ನೀತಿ ಯಾವ ಪಕ್ಷದ್ದು ಎಂಬ ಜಗಳ ಬೇಕಾದಷ್ಟಾಗಿದೆ. ಮೊದಲ ಸೆಮಿಸ್ಟರಿನ ಹುಡುಗ ಹುಡುಗಿಯರು ಯಾವ ವಿಷಯ ಕೇಳಿದರು, ಯಾವುದು ಸಿಕ್ಕಿತು, ಎಷ್ಟು ಜನರ ನಡುವೆ ಕೂತು ಪಾಠ ಕೇಳಿದರು ಎಂಬುದು ಮಾತ್ರ ಚರ್ಚೆಗೆ ಬರಲೇ ಇಲ್ಲ.

ಹೊಸ ಪದ್ಧತಿಗೆ ಆರಿಸಿಕೊಂಡ ವರ್ಷವೂ ಅಂಥದ್ದೇ. ಕೋವಿಡ್‌ನಿಂದಾಗಿ ಆ ವರ್ಷ ದ್ವಿತೀಯ ಪಿಯು ಪರೀಕ್ಷೆಯೇ ನಡೆಯಲಿಲ್ಲ, 6.66 ಲಕ್ಷ ವಿದ್ಯಾರ್ಥಿಗಳು ಒಟ್ಟಿಗೆ ತೇರ್ಗಡೆಯಾದರು. ಸೀಟು ಸಿಕ್ಕರೆ ಸಾಕು ಎಂದು ಬಂದವರ ಮುಂದೆ ಎರಡು ಮುಖ್ಯ ವಿಷಯ, ಎರಡು ಭಾಷೆ, ಮುಕ್ತ ಐಚ್ಛಿಕ, ಕೌಶಲ ಪತ್ರಿಕೆ, ಯೋಗ, ಕ್ರೀಡೆ, ಎನ್‌ಎಸ್‌ಎಸ್ ಎಲ್ಲವನ್ನೂ ಹರಡಲಾಯಿತು. ಎಚ್‌ಇಪಿ, ಪಿಸಿಎಂ ಎಂದು ಮೂರು ವಿಷಯಗಳ ಗುಂಪನ್ನು ಒಂದೇ ಉಸಿರಿನಲ್ಲಿ ಹೇಳಿ ಅರ್ಜಿ ತುಂಬುತ್ತಿದ್ದ ಊರುಗಳಲ್ಲಿ ಇದನ್ನು ಬಿಡಿಸಿ ಹೇಳುವವರಿರಲಿಲ್ಲ. ಪಠ್ಯಕ್ರಮವೇ ಉಪನ್ಯಾಸಕರ ಕೈಗೆ ತಡವಾಗಿ ಬಂದಿತ್ತು.

ಇಡೀ ಯೋಜನೆಯಲ್ಲಿ ನಿಜಕ್ಕೂ ಹೊಸದೆನ್ನಬಹುದಾದದ್ದು ಮುಕ್ತ ಐಚ್ಛಿಕ. ವಾರಕ್ಕೆ ಮೂರು ಗಂಟೆ, ಮೂರು ಕ್ರೆಡಿಟ್. ಬಿ.ಎಸ್ಸಿ. ಹುಡುಗಿ ಇತಿಹಾಸ ಓದಬಹುದು, ಬಿ.ಕಾಂ. ಹುಡುಗ ಕನ್ನಡ ಸಾಹಿತ್ಯದ ತರಗತಿಗೆ ಹೋಗಬಹುದು. ಹಲವು ವಿಭಾಗಗಳಿರುವ ದೊಡ್ಡ ಕಾಲೇಜುಗಳಲ್ಲಿ ಇದು ನಡೆಯಿತು, ಚೆನ್ನಾಗಿಯೇ ನಡೆಯಿತು. ತಾಲ್ಲೂಕು ಕೇಂದ್ರದ ಪ್ರಥಮ ದರ್ಜೆ ಕಾಲೇಜಿನ ಕಥೆ ಬೇರೆ. ಅದು ಹೋಟೆಲಿನ ಬೋರ್ಡಿನಲ್ಲಿ ಹದಿನೆಂಟು ತಿಂಡಿ, ಕೇಳಿದರೆ ಉಪ್ಪಿಟ್ಟು ಮಾತ್ರ ಎಂಬಂಥ ಸ್ಥಿತಿ. ವಿಶ್ವವಿದ್ಯಾಲಯದ ಪಟ್ಟಿ ಉದ್ದವಾಗಿತ್ತು, ಕಾಲೇಜಿನಲ್ಲಿ ತೆರೆದದ್ದು ಎರಡೋ ಮೂರೋ.

ಆ ಎರಡೋ ಮೂರೋ ಯಾವುವು ಎಂಬುದನ್ನು ತೀರ್ಮಾನಿಸಿದ್ದು ವಿದ್ಯಾರ್ಥಿಯ ಒಲವಲ್ಲ, ಉಪನ್ಯಾಸಕರ ಕಾರ್ಯಭಾರ. ಮೂರು ಮುಖ್ಯ ವಿಷಯಗಳು ಎರಡಕ್ಕಿಳಿದಾಗ ಸಮಾಜಶಾಸ್ತ್ರ, ಭೂಗೋಳ, ಸಂಖ್ಯಾಶಾಸ್ತ್ರದಂಥ ವಿಭಾಗಗಳಿಗೆ ಗಂಟೆಗಳು ಕರಗುವ ಭಯ ಹುಟ್ಟಿತು. ಕಳೆದುಕೊಂಡ ಗಂಟೆಗಳನ್ನು ತುಂಬಿಕೊಳ್ಳುವ ದಾರಿ ಮುಕ್ತ ಐಚ್ಛಿಕ. ಇದರಲ್ಲಿ ಉಪನ್ಯಾಸಕರನ್ನು ದೂರುವಂತಿಲ್ಲ. ಸರ್ಕಾರಿ ಕಾಲೇಜುಗಳು ನಡೆಯುತ್ತಿರುವುದೇ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಹೆಗಲ ಮೇಲೆ. 2022ರ ಜನವರಿಯಲ್ಲಿ ಗೌರವಧನ ಹೆಚ್ಚಿಸಿದ ಸರ್ಕಾರ ಅದಕ್ಕೆ ವಾರಕ್ಕೆ 15 ಗಂಟೆ ಪಾಠದ ಷರತ್ತನ್ನೂ ಜೋಡಿಸಿತು. ಹನ್ನೆರಡು ಗಂಟೆ ಇರುವವರಿಗೆ ಇನ್ನು ಮೂರು ಗಂಟೆ ಬೇಕು. ಐಚ್ಛಿಕ ಪತ್ರಿಕೆಯೊಂದು ಸರಿಯಾಗಿ ಮೂರು ಗಂಟೆಯದ್ದು. ಟೈಮ್‌ಟೇಬಲ್ ಸಿದ್ಧವಾಗುವುದು ಹೀಗೆ. ಆಮೇಲೆ ವಿದ್ಯಾರ್ಥಿಗೆ ಹೇಳುವುದು: ‘ಇದನ್ನೇ ತಗೊಳ್ಳಮ್ಮ, ಬೇರೆ ಯಾವುದಕ್ಕೂ ಇಲ್ಲಿ ಮೇಷ್ಟ್ರಿಲ್ಲ.’

ತರಗತಿಯ ಗಾತ್ರದ ಪ್ರಶ್ನೆ ಇದರ ಇನ್ನೊಂದು ಮುಖ. ಮುಖ್ಯ ವಿಷಯವಾಗಿ ಕನ್ನಡವನ್ನೋ ಭೌತಶಾಸ್ತ್ರವನ್ನೋ ತೆಗೆದುಕೊಂಡವರು ಬೆರಳೆಣಿಕೆಯಷ್ಟು, ಭಾಷಾ ತರಗತಿಯಲ್ಲಿ ಕಿಟಕಿಯ ಕಟ್ಟೆಯ ಮೇಲೂ ಜನ. ಬೇರೆ ಬೇರೆ ಪದವಿಗಳ ಮಕ್ಕಳನ್ನು ಒಂದೇ ಅವಧಿಗೆ ಕೂಡಿಸಬೇಕಾದ ಐಚ್ಛಿಕದ ಗಂಟೆಗೆ ಎಲ್ಲರನ್ನೂ ಹಿಡಿಸುವ ಕೋಣೆಯೇ ಇಲ್ಲದ ಕಾಲೇಜುಗಳಿದ್ದವು. ಡಿಜಿಟಲ್ ಫ್ಲುಯೆನ್ಸಿ ಎಂಬ ಪತ್ರಿಕೆಯನ್ನು ಕಂಪ್ಯೂಟರ್ ಮುಟ್ಟದೆಯೇ ಮುಗಿಸಿದವರಿದ್ದಾರೆ. ಕೌಶಲ ವೃದ್ಧಿ ಎಂಬ ತಲೆಬರಹದಡಿ ಅಂಕವೂ ಬಂದಿದೆ.

ಪ್ರವೇಶ, ಪರೀಕ್ಷೆ, ಫಲಿತಾಂಶ ಮೂರನ್ನೂ ಒಂದೇ ಕಡೆ ತಂದ ಯುಯುಸಿಎಂಎಸ್ ತಂತ್ರಾಂಶದ ಬಗ್ಗೆ ದೂರುಗಳೇ ಹೆಚ್ಚು ಕೇಳಿಬಂದವು. ಫಲಿತಾಂಶ ತಡ, ಅಂಕಪಟ್ಟಿ ತಡ, ಒಂದರ ಬದಲು ಇನ್ನೊಂದು ಪತ್ರಿಕೆಯ ಸಂಕೇತ. ಆದರೂ ಒಂದು ಮಾತು ಅದರ ಪರವಾಗಿ ಹೇಳಬೇಕು. ಯಾವ ಕಾಲೇಜಿನಲ್ಲಿ ಯಾವ ಪತ್ರಿಕೆಗೆ ಎಷ್ಟು ಜನ ನೋಂದಾಯಿಸಿದರು ಎಂಬುದನ್ನು ಇಡೀ ರಾಜ್ಯದ ಮಟ್ಟದಲ್ಲಿ ಒಂದೇ ಕಡೆ ನೋಡುವ ಅವಕಾಶ ಅದರಿಂದ ಒದಗಿತು.

ನಾಲ್ಕನೇ ವರ್ಷದ ಆನರ್ಸ್‌ಗೆ ಬಹುಪಾಲು ವಿದ್ಯಾರ್ಥಿಗಳು ನಿಲ್ಲದೆ ಮೂರು ವರ್ಷಕ್ಕೇ ಪದವಿ ಪಡೆದು ಹೊರಟರು. ಅತ್ತ ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯನ್ನು ಆಧರಿಸಿ 2024-25ರಿಂದ ಮೂರು ಮುಖ್ಯ ವಿಷಯಗಳು ಮರಳಿ ಬಂದವು. ವಿದ್ಯಾರ್ಥಿಯ ಗೊಂದಲ ಕಡಿಮೆಯಾಯಿತು, ನಿಜ. ಆದರೆ ಗೊಂದಲ ನೀತಿಯೊಂದರಿಂದಲೇ ಹುಟ್ಟಿತ್ತು ಎಂದು ನಂಬಲು ಈ ಲೇಖಕನಿಗೆ ಕಾರಣ ಕಾಣುತ್ತಿಲ್ಲ. ಉಪನ್ಯಾಸಕರ ನೇಮಕವಿಲ್ಲದೆ ಹತ್ತು ಐಚ್ಛಿಕಗಳು ಹೇಗೆ ಪೊಳ್ಳೋ, ಮೂರು ಮುಖ್ಯ ವಿಷಯಗಳೂ ಹಾಗೆಯೇ. ಅತಿಥಿ ಉಪನ್ಯಾಸಕರ ಆಯ್ಕೆ ಇಂದಿಗೂ ತರಗತಿ ಶುರುವಾದ ಮೇಲೆ ನಡೆಯುತ್ತದೆ. ಆ ವಾರಗಳಲ್ಲಿ ಖಾಲಿ ಅವಧಿ ಎಣಿಸಿಕೊಂಡು ಮನೆಗೆ ಹೋಗುವವರಲ್ಲಿ ಈಗಷ್ಟೇ ಕಾಲೇಜು ಸೇರಿದವರೇ ಮೊದಲಿಗರು.

ಮೂರು ವರ್ಷದ ನೋಂದಣಿಯ ಅಂಕಿಗಳನ್ನು ಕಾಲೇಜುವಾರು, ಪತ್ರಿಕೆವಾರು ಪ್ರಕಟಿಸಲು ಇಲಾಖೆಗೆ ಹೊಸ ಆಯೋಗವೇನೂ ಬೇಕಿಲ್ಲ. ಅದನ್ನು ಮುಂದಿನ ಪ್ರವೇಶ ಪ್ರಕಟಣೆಗೆ ಮೊದಲೇ ಮಾಡಲಿ. ಜೊತೆಗೆ ಪ್ರತಿ ಕಾಲೇಜೂ ತನ್ನಲ್ಲಿ ಯಾವ ವಿಷಯಕ್ಕೆ ಕಾಯಂ ಉಪನ್ಯಾಸಕರಿದ್ದಾರೆ, ಯಾವುದಕ್ಕೆ ಇಲ್ಲ ಎಂಬುದನ್ನು ಅರ್ಜಿ ಕೊಡುವ ಕೌಂಟರಿನ ಪಕ್ಕದಲ್ಲೇ ಬರೆದು ಹಾಕಲಿ.